ಊರಭಿಮಾನದ ಲೆಕ್ಕ

ಅರಸೀಕೆರೆಯ ನನ್ನ ಶಿಷ್ಯೆಯೊಬ್ಬಳು ಬಾನುಲಿ ಬಿಟ್ಟು ಬೆಂಗಳೂರಿನ ನೌಕರಿಗೆ ಹೋದದ್ದೇ ತಡ, ನಮ್ಮವರಿಗೆ ಊರಭಿಮಾನ ಉಕ್ಕಿತು. ಬೇಲೂರಿನ ತೇರು, ಹಳೇಬೀಡಿನ ಕೆರೆ ಎಂದು ನಮ್ಮ ಮಾತಲ್ಲೇ ಹೇಳುತ್ತಿದ್ದವಳು ದುಡ್ಡಿಗೆ ಓಡಿದಳಂತೆ! (ಹೀಗೆನ್ನುವವರ ಮಕ್ಕಳು ಎಲ್ಲೆಲ್ಲಿದ್ದಾರೋ, ಬಿಡಿ.) ಸರಕಾರಿ ಬಾನುಲಿಯ ಹಂಗಾಮಿ ಉದ್ಘೋಷಕರಿಗೆ ವರ್ಷಗಟ್ಟಲೆ ಸಿಕ್ಕಿದ್ದು ತಿಂಗಳಿಗೆ ಹೆಚ್ಚೆಂದರೆ 6 ದಿನದ ಕೆಲಸ. ಮಿಕ್ಕ ದಿನ ಅವರ ಒಲೆ ಉರಿಯುವುದು ಹೇಗೆಂದು ಈ ಅಭಿಮಾನಿಗಳು ಒಮ್ಮೆಯಾದರೂ ಕೇಳಿದ್ದರೇ? 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಆಕಾಶವಾಣಿಯೇ 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಅದನ್ನು ಬೆಳವಣಿಗೆ ಎನ್ನುತ್ತೇವೆ. ಹೆಣ್ಣುಮಗಳು ಹೊರಟರೆ ಮಾತ್ರ ದ್ರೋಹವೇ? ಅವಳು ಮರಳಬೇಕೆನ್ನುವವರು ಮೊದಲು ಅವಳಿಗೆ ತಿಂಗಳ ಸಂಬಳ ಕೊಡಿಸಲಿ.