ನೇತಾರನ ಮಡದಿ: ಮನೆಯಂಗಳದಿಂದ ಜನರಂಗಳಕ್ಕೆ

ಆಂಧ್ರದಲ್ಲಿ ನೆಲೆ ನಿಂತ ಕನ್ನಡಿಗರಾದ ನಾವು ಇಲ್ಲಿಯ ರಾಜಕಾರಣದಲ್ಲಿ ಒಂದು ಬದಲಾವಣೆಯನ್ನು ಗಮನಿಸುತ್ತ ಬಂದಿದ್ದೇವೆ. 1995ರಲ್ಲಿ ಎನ್.ಟಿ. ರಾಮರಾವ್ ಅವರ ವಿರುದ್ಧ ಅಳಿಯ ಚಂದ್ರಬಾಬು ನಾಯ್ಡು ಅವರ ಬಣ ಬಂಡೆದ್ದಾಗ ಕೊಟ್ಟ ಕಾರಣ, ಪತ್ನಿ ಲಕ್ಷ್ಮೀಪಾರ್ವತಿಯವರ ಹಸ್ತಕ್ಷೇಪ. 2023ರ ಸೆಪ್ಟೆಂಬರಿನಲ್ಲಿ ನಾಯ್ಡು ಅವರೇ ಬಂಧಿತರಾದರು. ಆಗ ‘ನಿಜಂ ಗೆಲವಾಲಿ’ ಎಂಬ ಹೆಸರಿನಲ್ಲಿ ಕಾರ್ಯಕರ್ತರ ಮನೆಮನೆಗೆ ಹೊರಟವರು ಅವರ ಪತ್ನಿ, ರಾಮರಾಯರ ಮಗಳು ಭುವನೇಶ್ವರಿ. 2025ರ ಫೆಬ್ರವರಿಯಲ್ಲಿ ಥಲಸ್ಸೀಮಿಯಾ ರೋಗಿಗಳ ನೆರವಿಗಾಗಿ ಎನ್.ಟಿ.ಆರ್. ಟ್ರಸ್ಟ್ ವಿಜಯವಾಡದಲ್ಲಿ ಏರ್ಪಡಿಸಿದ ಸಂಗೀತ ಸಂಜೆಯ ಮುಂದಾಳತ್ವವೂ ಅವರದೇ.

ಆದರೆ ಜನರ ಅನುಕಂಪಕ್ಕೂ ಮಿತಿಯುಂಟು. 2009ರಲ್ಲಿ ಗತಿಸಿದ ವೈ.ಎಸ್. ರಾಜಶೇಖರ ರೆಡ್ಡಿಯವರ ಪತ್ನಿ ವಿಜಯಮ್ಮ, ಮಗನ ಪಕ್ಷದಿಂದ ನಿಂತು 2011ರಲ್ಲಿ ಪತಿಯ ಕ್ಷೇತ್ರವಾದ ಪುಲಿವೆಂದುಲದಲ್ಲಿ ಗೆದ್ದರು. 2014ರಲ್ಲಿ ವಿಶಾಖಪಟ್ಟಣದ ಲೋಕಸಭಾ ಕಣದಲ್ಲಿ ಬಿಜೆಪಿಯ ಹರಿಬಾಬು ಅವರೆದುರು ಸುಮಾರು 90 ಸಾವಿರ ಮತಗಳಿಂದ ಸೋತರು.

ಕಣಕ್ಕಿಳಿದವರನ್ನು ಮತದಾರರು ಹೀಗೆ ಅಳೆಯಬಲ್ಲರು. ಅಧಿಕಾರಸ್ಥಾನವಿಲ್ಲದೆಯೂ ಪ್ರಭಾವವುಳ್ಳವರನ್ನು ಅಳೆಯುವ ಬಗೆ ಯಾವುದು? ಬ್ಯಾಂಕಿನಲ್ಲಿ ಪತ್ನಿಯ ಖಾತೆಗೆ ಪತಿಯ ರುಜು ಸಲ್ಲದು. ಸಾರ್ವಜನಿಕ ಬದುಕಿನಲ್ಲಿಯೂ ಅವರ ದುಡಿಮೆಯ ಶ್ರೇಯಸ್ಸು ಅವರ ಹೆಸರಿಗೇ ಜಮೆಯಾಗಲಿ. ಲೆಕ್ಕ ಒಪ್ಪಿಸುವ ಹೊಣೆಯೂ ಅವರದೇ ಆಗಲಿ ಎಂಬುದು ನಮ್ಮ ಅಭಿಮತ.