ಅಜ್ಜಿಯ 65 ಅಡಿ

ಈ ವಾರ ತಾರೆಯರ ಸುದ್ದಿಗೆ ರಜಾ ಕಣ್ರೀ. ನನ್ನದೇ ಒಂದು ತಪ್ಪು ಹೇಳಿಕೊಂಡು ಹಗುರಾಗ್ತೀನಿ.

1974. 'ಸಂಪತ್ತಿಗೆ ಸವಾಲ್' ಬಂದ ವರ್ಷ. ಜಿ.ಕೆ. ವೆಂಕಟೇಶ್ ಸಂಗೀತ, ಎಮ್ಮೆ ಏರಿ ಅಣ್ಣಾವ್ರು ಸ್ವತಃ ಹಾಡಿದ ಆ ಹಾಡು! ಎಷ್ಟು ಸಲ ಕೇಳಿದರೂ ಸಾಲದು. ರೆಕಾರ್ಡ್ ಕೊಳ್ಳೋಣ ಅಂದ್ರೆ ಜೇಬು ಖಾಲಿ. ಇದ್ದದ್ದು ಸೋದರಮಾವ ತಂದಿದ್ದ ಸ್ಪೂಲ್ ಟೇಪ್ ರೆಕಾರ್ಡರ್. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ!

ಅದರ ಮಜಾನೇ ಬೇರೆ. ಎಡಕ್ಕೆ ತುಂಬಿದ ಸ್ಪೂಲು, ಬಲಕ್ಕೆ ಖಾಲಿ ಸ್ಪೂಲು. ಕಾಲಂಗುಲ ಅಗಲದ ಕಂದು ಟೇಪನ್ನು ಹೆಡ್ಡುಗಳ ಮುಂದೆ ಕೈಯಾರೆ ಎಳೆದು ಸಿಕ್ಕಿಸಬೇಕು. ರೆಕಾರ್ಡ್ ಗುಂಡಿ ಒತ್ತಿದರೆ ಟೇಪು ಮೊದಲು ಹಾಯುವುದು ಅಳಿಸುವ ಹೆಡ್ಡನ್ನು. ಬರೆಯುವ ಹೆಡ್ಡು ಆಮೇಲೆ. ಹಳೆಯದು ಹೋದ ಮೇಲೇ ಹೊಸದು ಕೂರೋದು. ಇದು ನನಗೆ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳೋಲ್ಲ.

ಮನೇಲಿದ್ದದ್ದು ಒಂದೇ ಟೇಪು. 5 ಅಂಗುಲದ ಸ್ಪೂಲು, 600 ಅಡಿ. ಸೆಕೆಂಡಿಗೆ 3¾ ಅಂಗುಲದಂತೆ ಓಡಿದರೆ ಒಂದು ಬದಿಗೆ 32 ನಿಮಿಷ. ಎರಡೂ ಬದಿ ತುಂಬಾ ಅಜ್ಜಿ! ರಾಗಿ ಬೀಸುತ್ತಾ ಅವಳು ಹಾಡಿದ ಪದಗಳನ್ನು ಮಾವ ಹಿಡಿದಿಟ್ಟಿದ್ದ.

ಒಂದು ಸಂಜೆ ವಿವಿಧ ಭಾರತಿಯಲ್ಲಿ ಎಮ್ಮೆ ಹಾಡು ಶುರು! ಯೋಚನೆ ಮಾಡೋಕೆ ಟೈಮೆಲ್ಲಿ? ರೇಡಿಯೋ ಮುಂದೆ ಮೈಕು ಹಿಡಿದೆ, ಗುಂಡಿ ಒತ್ತಿದೆ.

ರಾತ್ರಿ ಮಾವನಿಗೆ ಗೊತ್ತಾಯಿತು. ಹೊಡೆಯೋಕೆ ಕೈ ಎತ್ತಿದ. ಅಜ್ಜಿಯೇ ಅಡ್ಡ ಬಂದಳು: "ಬುಡ್ಲಾ ಅತ್ಲಾಗೆ. ನಾನೇನ್ ಸತ್ತೋಗಿದ್ದೀನಾ? ಇನ್ನೊಂದ್ ಕಿತ ಹಾಡ್ತೀನಿ. ಮೊದ್ಲು ಆ ಎಮ್ಮೆ ಹಾಡ್ ಹಾಕು, ಕೇಳಾನ."

ಕೇಳಿ ಮಗುವಿನಂತೆ ನಕ್ಕಳು.

ಆ 'ಇನ್ನೊಂದ್ ಕಿತ' ಬರಲೇ ಇಲ್ಲ. ವರ್ಷ ತುಂಬುವುದರೊಳಗೆ ಅಜ್ಜಿ ಹೋದಳು.

ಎಮ್ಮೆ ಹಾಡು ಈಗ ನನ್ನ ಮೊಬೈಲಿನಲ್ಲೂ ಇದೆ, ನಿಮ್ಮ ಮೊಬೈಲಿನಲ್ಲೂ ಸಿಗುತ್ತೆ. ನಾನು ಅಳಿಸಿದ ಆ ಮೂರೂವರೆ ನಿಮಿಷ, ಲೆಕ್ಕ ಹಾಕಿದರೆ 65 ಅಡಿ ಅಜ್ಜಿ, ಪ್ರಪಂಚದಲ್ಲಿ ಎಲ್ಲೂ ಇಲ್ಲ. ಟೇಪು ಇನ್ನೂ ಇಟ್ಟಿದ್ದೀನಿ. ಅಣ್ಣಾವ್ರ ಹಾಡು ಮುಗಿದು 'ಟಕ್' ಅಂದ ಮೇಲೆ ಅಜ್ಜಿಯ ಪದ ಅರ್ಧ ಮಾತಿನಿಂದ ಶುರುವಾಗುತ್ತೆ.

ನಿಮ್ಮನೆ ಅಟ್ಟದ ಮೇಲೆ ಹಳೇ ಸ್ಪೂಲಿದ್ದರೆ ಗುಜರಿಗೆ ಹಾಕಬೇಡಿ. ಬಿಸಿಲಿಗಾಗಲಿ, ಸ್ಪೀಕರಿನ ಅಯಸ್ಕಾಂತದ ಪಕ್ಕದಲ್ಲಾಗಲಿ ಇಡಬೇಡಿ. ಬಲ್ಲವರ ಕೈಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ರೆಕಾರ್ಡ್ ಗುಂಡಿ ಮುಟ್ಟೋ ಮೊದಲು ಮಾತ್ರ ಒಂದ್ಸಲ ಪೂರ್ತಿ ಕೇಳಿಬಿಡಿ, ಒಳಗೆ ಯಾರಿದ್ದಾರೆ ಅಂತ.

ಬರ್ಲಾ? ಮುಂದಿನ ವಾರ ಸಿಗೋಣ.