ಒಂದು ‘ಪಿ’ಯೋ ಎರಡು ‘ಪಿ’ಯೋ?

‘ಸ್ಟಾಪ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಭೂತಕಾಲದ ‘ಇಡಿ’ ಹಚ್ಚಿದರೆ ‘ಪಿ’ ಎರಡಾಗಬೇಕು. ‘ವಿಸಿಟ್’ಗೆ ಹಚ್ಚಿದರೆ ‘ಟಿ’ ಒಂದೇ ಇರಬೇಕು. ಯಾಕೆಂದು ಹಳ್ಳಿಯ ಹುಡುಗ ಕೇಳಿದರೆ ‘ಬಾಯಿಪಾಠ ಮಾಡು’ ಎಂಬುದೇ ಉತ್ತರ. ತಪ್ಪಿದರೆ ಕೆಂಪು ಶಾಯಿ. ಇದು ಪಾಠವಲ್ಲ, ಪಾಳೆಯಗಾರಿಕೆ ಎನ್ನುತ್ತೇವೆ ನಾವು.

ನಿಯಮಕ್ಕೆ ಕಾರಣ ಇಲ್ಲದಿಲ್ಲ. ನಮ್ಮಲ್ಲಿ ಹ್ರಸ್ವಕ್ಕೊಂದು, ದೀರ್ಘಕ್ಕೊಂದು ಅಕ್ಷರ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಮುಂದಿನ ವ್ಯಂಜನವೇ ಗುರುತು. ಚುಚ್ಚುವ ‘ಪಿನ್’ಗೆ ‘ಇಂಗ್’ ಸೇರಿದರೆ ‘ಎನ್’ ಎರಡು. ಕೊರಗುವ ‘ಪೈನ್’ ತನ್ನ ಕೊನೆಯ ‘ಇ’ಯನ್ನು ಬಿಟ್ಟು ‘ಇಂಗ್’ ಸೇರಿಸಿಕೊಂಡರೆ ‘ಎನ್’ ಒಂದೇ. ಎರಡು ಕಂಡರೆ ಹಿಂದಿನ ಸ್ವರ ಹ್ರಸ್ವವೆಂದು ತಿಳಿ. ಹ್ರಸ್ವ ದೀರ್ಘ ಬಲ್ಲ ಕನ್ನಡದ ಮಗುವಿಗೆ ಇದನ್ನು ತಿಳಿಸಲು ಎಷ್ಟು ಹೊತ್ತು ಬೇಕು?

ಮಾತು ಉದ್ದವಾದರೆ ಒತ್ತು ನೋಡಬೇಕು. ‘ಬಿಗಿನ್’ನಲ್ಲಿ ಒತ್ತು ಕೊನೆಗೆ ಬೀಳುವುದರಿಂದ ‘ಇಂಗ್’ ಬಂದಾಗ ‘ಎನ್’ ಎರಡಾಗುತ್ತದೆ. ‘ವಿಸಿಟ್’ನಲ್ಲಿ ಒತ್ತು ಮೊದಲಿಗೆ, ‘ಟಿ’ ಒಂದೇ. ಮನೆಯಲ್ಲಿ ಇಂಗ್ಲಿಷು ಆಡುವವರ ಮಗನಿಗೆ ಕಿವಿಯೇ ಮೇಷ್ಟ್ರು. ಕೂಲಿಯವನ ಮಗಳು ಆ ಒತ್ತನ್ನು ಎಲ್ಲಿ ಕೇಳಬೇಕು?

‘ಕನ್ನಡದಲ್ಲೂ ಕೊಡು ಎಂಬುದು ಕೊಟ್ಟ ಎಂದಾಗುವುದಿಲ್ಲವೇ?’ ಎಂದು ಕೆಲವು ಪಂಡಿತರು ಕೇಳುತ್ತಾರೆ. ಆಗುತ್ತದೆ, ಸ್ವಾಮಿ. ಆದರೆ ‘ಕೊಟ್ಟ’ದ ಎರಡು ಟಕಾರ ಕಿವಿಗೆ ಕೇಳುತ್ತದೆ, ಆಡಿದಂತೆ ಬರೆಯುತ್ತೇವೆ. ‘ಸ್ಟಾಪ್’ಗೆ ಸೇರುವ ಎರಡನೆಯ ‘ಪಿ’ ಯಾರ ಕಿವಿಗೂ ಬೀಳದು.

ನಿಯಮ ಮಾಡಿದವರಾದರೂ ಅದಕ್ಕೆ ಬದ್ಧರೇ? ‘ಟ್ರಾವೆಲ್’ನಲ್ಲಿ ಒತ್ತು ಮೊದಲಿಗೇ ಇದೆ. ಆದರೂ ‘ಇಡಿ’ ಸೇರಿದಾಗ ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ಒಂದು ‘ಎಲ್’ ಸಾಕೆಂದ. ಅಲ್ಲಿ ಇಂದಿಗೂ ಒಂದೇ. ಒಂದು ಇಡೀ ದೇಶ ಬರೆದರೆ ಸರಿ, ನಮ್ಮ ಹುಡುಗ ಬರೆದರೆ ತಪ್ಪು! ‘ಪ್ಲೇ’ಗೆ ‘ಇಡಿ’ ನೇರವಾಗಿ ಹತ್ತುತ್ತದೆ, ‘ಪೇ’ಗೆ ಹತ್ತುವುದಿಲ್ಲ, ಅದರ ‘ವೈ’ ಹೋಗಿ ‘ಐ’, ‘ಡಿ’ ಬರುತ್ತವೆ. ಇಂಥ ರೂಢಿಯನ್ನು ಬುದ್ಧಿಯ ಅಳತೆಗೋಲು ಮಾಡಿದವರು ಯಾರು?

ಇಂಗ್ಲಿಷು ಕಲಿಯಬೇಡಿರೆಂದು ನಾವು ಹೇಳುತ್ತಿಲ್ಲ. ನಿಯಮವಿದ್ದಲ್ಲಿ ಅದರ ಕಾರಣ ಹೇಳಿ ಕಲಿಸಿ. ಬರಿಯ ರೂಢಿಯಿದ್ದಲ್ಲಿ ರೂಢಿಯೆಂದು ಒಪ್ಪಿಕೊಳ್ಳಿ. ಕಾಲ, ಅರ್ಥ ಎರಡೂ ತಿಳಿದು ವಾಕ್ಯ ಬರೆದ ಮಗುವಿನ ಅಂಕವನ್ನು ಕೇಳಿಸದ ಒಂದು ಅಕ್ಷರಕ್ಕಾಗಿ ಕಸಿಯಬೇಡಿ. ನಾವು ಕೇಳುತ್ತಿರುವುದು ದಯೆಯನ್ನಲ್ಲ, ನ್ಯಾಯವನ್ನು.